ವಾಚ್ ಬೆಲ್ಟಿನ ಕೊನೆಯ ಮೂರು ತೂತು

ಗಂಡ ತೀರಿಕೊಂಡು ಎಂಟು ತಿಂಗಳಾದ ಮೇಲೆ ಮಹಾನಂದಾ ಮೊದಲ ಸಲ ತನಗಾಗಿ ಏನನ್ನೋ ಕೊಳ್ಳಲು ಮನೆಯಿಂದ ಹೊರಟಳು...

ದೊಡ್ಡದೇನಲ್ಲ, ಒಂದು ವಾಚಿನ ಬೆಲ್ಟ್.

ಗಂಡ ಶಿವಪುತ್ರ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ. ಅವನ ವಾಚು ಇನ್ನೂ ಓಡುತ್ತಿತ್ತು, ಬೆಲ್ಟ್ ಮಾತ್ರ ಬಿರುಕು ಬಿಟ್ಟಿತ್ತು. ಆ ವಾಚನ್ನು ತನ್ನ ಕೈಗೆ ಕಟ್ಟಿಕೊಳ್ಳಬೇಕೆಂಬುದು ಅವಳ ಆಸೆ.

ಅಥಣಿಯಲ್ಲಿ ಚರ್ಮದ ಕೆಲಸದವರಿಗೆ ಕೊರತೆಯಿಲ್ಲ. ಆದರೆ ಅವಳ ಓಣಿಯ ಹತ್ತಿರ, ಚಪ್ಪಲಿಯ ಜೊತೆಗೆ ವಾಚಿನ ಬೆಲ್ಟನ್ನೂ ಕೈಯಲ್ಲೇ ಹೊಲಿದು ಕೊಡುವವಳು ರುಕ್ಮವ್ವ ಒಬ್ಬಳೇ.

"ಅವಸರ ಇದ್ರ ಆನ್‌ಲೈನ್‌ನ್ಯಾಗ ತರಿಸಿರಿ ಅಕ್ಕಾರ. ನಂದು ಎರಡು ವಾರ ಆಗ್ತೈತಿ" ಎಂದಳು ರುಕ್ಮವ್ವ, ಹೊಲಿಗೆಯಿಂದ ತಲೆ ಎತ್ತದೆ.

"ಅವಸರ ಇಲ್ರಿ. ನನ್ನ ಕೈಗೆ ಸರಿಯಾಗಿ ಕುಂತ್ರ ಸಾಕು."

"ಅಂಗಡ್ಯಾಗಿಂದು ಎಲ್ಲಾರ ಕೈಗೂ ಆಗ್ತೈತ್ರಿ. ಅದಕ್ಕ ಅದು ಯಾರ ಕೈಗೂ ಸರಿ ಕುಂದ್ರೂದಿಲ್ಲ" ಎಂದು ನಕ್ಕು, ಆಕೆ ವಾಚನ್ನು ಕೈಗೆ ತೆಗೆದುಕೊಂಡಳು.

ಹಳೆಯ ಬೆಲ್ಟನ್ನು ಬೆಳಕಿಗೆ ಹಿಡಿದಳು. ನಗು ನಿಂತಿತು.

"ಇದನ್ನ ಎಷ್ಟು ಮಂದಿ ಕಟ್ಯಾರ್ರಿ?"

"ಒಬ್ಬರ ರೀ... ನಮ್ಮ ಮನಿಯವರು."

ರುಕ್ಮವ್ವ ಬೆಲ್ಟನ್ನು ಅವಳ ಕಡೆ ತಿರುಗಿಸಿದಳು. ಆಮೇಲೆ ಉಗುರಿನಿಂದ ತೋರಿಸಿದಳು.

"ಇಲ್ಲಿ ನೋಡ್ರಿ. ಈ ತೂತು ಹಿಗ್ಗಿ, ಮಡಿಕೆ ಬಿದ್ದೈತಿ. ಭಾಳ ದಿವಸ ಇಲ್ಲೇ ಕಟ್ಯಾರ. ವಾಚಿನ ಕಡೀಗಿರೂ ಈ ಕೊನೀ ಮೂರು ಕಂಪನಿ ತೂತಲ್ಲ. ಮನ್ಯಾಗ ಮೊಳಿ ಕಾಸಿ ಹಾಕಿದ್ವು. ಮೂರರಾಗೂ ಬಕಲ್ಲಿನ ಗುರುತೈತಿ. ಒಂದೊಂದನ್ನ ಎರಡು ತಿಂಗಳರ ಕಟ್ಟಿರಬೇಕು. ಅವ್ರ ಕೈ ಸಣ್ಣ ಆಕ್ಕೋತ ಹೋಗೇತ್ರಿ."

ಮಹಾನಂದಾ ಬೆಲ್ಟಿನ ಮೇಲೆ ಬಗ್ಗಿದಳು...

"ಬಿಗಿ ಮಾಡಿದಂಗ ತುದಿ ಉದ್ದ ಉಳೀತೈತಿ. ಅದನ್ನೂ ಬ್ಲೇಡಿಲೆ ಕೊಯ್ದಾರ. ಯಾರಿಗೂ ತಿಳೀಬಾರದಂತ ಮಾಡಿದ್ದಿದು."

ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದ ಇಪ್ಪತ್ತೆರಡನೆಯ ದಿನಕ್ಕೆ ಶಿವಪುತ್ರ ಹೋಗಿಬಿಟ್ಟಿದ್ದ. ಮಾತಾಡಿಸಲು ಬಂದ ಎಲ್ಲರಿಗೂ ಮಹಾನಂದಾ ಹೇಳಿದ್ದು ಒಂದೇ ಮಾತು... "ಒಮ್ಮಿಂದೊಮ್ಮೆಲೆ ಬಂತ್ರಿ. ಏನೂ ಸುಳಿವಿರಲಿಲ್ಲ."

ಆ ಮಾತನ್ನು ಹಿಡಿದುಕೊಂಡೇ ಅವಳು ಎಂಟು ತಿಂಗಳು ಬದುಕಿದ್ದಳು.

ಅತ್ತೆ ಮಾತ್ರ ಅವನು ಹೋದ ಮೂರನೆಯ ದಿನ ಕೇಳಿದ್ದರು. "ಜೋಡಿ ಇದ್ದಾಕಿ ನೀನು. ನಿನಗ ಕಾಣಲಿಲ್ಲೇನು?"

ಅಂದಿನಿಂದ ಒಂದೇ ಮನೆಯಲ್ಲಿ ಅತ್ತೆಯ ಊಟ ಬೇರೆ ಹೊತ್ತಿಗೆ, ಸೊಸೆಯ ಊಟ ಬೇರೆ ಹೊತ್ತಿಗೆ.

ಈಗ ಆ ಮೂರು ತೂತುಗಳ ಮುಂದೆ ಅವಳಿಗೆ ಎಲ್ಲ ನೆನಪಾಯಿತು. ಬೇಸಿಗೆಯಲ್ಲೂ ಅವನು ತುಂಬು ತೋಳಿನ ಅಂಗಿ ಹಾಕಲು ಶುರು ಮಾಡಿದ್ದು... ಅವಳೇ ಅದಕ್ಕೆ ಇಸ್ತ್ರಿ ಹಾಕಿ ಕೊಟ್ಟದ್ದು...

"ಕ್ಯಾಂಟೀನಿನ್ಯಾಗ ತಿಂದು ಬಂದೀನಿ, ಒಂದು ರೊಟ್ಟಿ ಸಾಕು" ಎನ್ನುತ್ತಿದ್ದ. ಅವಳು ಮತ್ತೆ ಕೇಳಿರಲಿಲ್ಲ. ದಿನವಿಡೀ ದುಡಿದ ಅವಳ ಮೈಗೆ, ಬಡಿಯುವ ರೊಟ್ಟಿ ಒಂದು ಕಡಿಮೆಯಾದದ್ದು ಹಗುರವೇ ಅನಿಸಿತ್ತು.

ಸುಳಿವು ಇತ್ತು. ಅವಳು ನೋಡಿರಲಿಲ್ಲ.

"ಕೈ ಕೊಡ್ರಿ, ಅಳತಿ ತಗೋತೀನಿ" ಎಂದಳು ರುಕ್ಮವ್ವ ಮೆಲ್ಲಗೆ. ಅವಳ ಬಳಿ ಟೇಪು ಇರಲಿಲ್ಲ. ಹಳೆಯ ಬೆಲ್ಟನ್ನೇ ಮಹಾನಂದಾಳ ಮಣಿಕಟ್ಟಿಗೆ ಸುತ್ತಿ, ಎಲ್ಲಿಗೆ ಬರುತ್ತದೆಂದು ನೋಡಿದಳು.

ಬಕಲ್ಲು ಕೊನೆಯ ತೂತಿಗೆ ಬಂದು ಕೂತಿತು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ.

ಅಷ್ಟು ದಪ್ಪ ಮುಂಗೈಯ ಗಂಡಸು... ಕೊನೆಗೆ ಅವನ ಕೈ ಅವಳ ಕೈಯಷ್ಟೇ ಆಗಿತ್ತು.

ಎಂಟು ತಿಂಗಳಲ್ಲಿ ಬಾರದ ಅಳು ಆಗ ಬಂತು.

ರುಕ್ಮವ್ವ ಸಮಾಧಾನ ಹೇಳಲಿಲ್ಲ. ಎದ್ದು ಬಾಗಿಲನ್ನು ಅರ್ಧ ಮುಚ್ಚಿದಳು. "ಅಳ್ರಿ ಅಕ್ಕಾರ. ಈ ಹೊತ್ತಿನ್ಯಾಗ ಯಾರೂ ಬರೂದಿಲ್ಲ" ಎಂದು ಒಂದು ತಂಬಿಗೆ ನೀರು ತಂದಿಟ್ಟಳು.

ಬಹಳ ಹೊತ್ತಿನ ಮೇಲೆ ಮಹಾನಂದಾ ಹೇಳಿದಳು. "ಈ ಅಳತಿಗೇ ಮಾಡ್ರಿ."

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಒಬ್ಬರೇ ತಾಟಿನ ಮುಂದೆ ಕೂತಿದ್ದರು. ಮಹಾನಂದಾ ಎದುರಿಗೆ ಕೂತಳು.

"ಅತ್ತಿ... ಸುಳಿವಿತ್ತು. ನಾನ ನೋಡಲಿಲ್ಲ."

ಬೈಗುಳಕ್ಕೆ ಅವಳು ತಯಾರಾಗಿದ್ದಳು.

ಅತ್ತೆ ತಾಟಿನ ಮೇಲಿನ ಕಣ್ಣು ತೆಗೆಯಲಿಲ್ಲ. "ನನಗರ ಎಲ್ಲಿ ಕಾಣ್ತವ್ವಾ... ದಿನಾ ಮುಂಜಾನೆ ನನ್ನ ಕಾಲು ಮುಟ್ಟಿ ಹೋಗಾಂವ. ಹಡದಾಕಿ ನಾನು. ನನ್ನ ನಾ ಕೇಳ್ಕೋಬೇಕಾದ ಮಾತು ನಿನಗ ಕೇಳಿಬಿಟ್ಟೆ."

ಮಹಾನಂದಾ ಅತ್ತೆಯ ಕೈ ಹಿಡಿದುಕೊಂಡಳು. ಹಿಡಿದವಳು ಹಾಗೇ ಕೂತುಬಿಟ್ಟಳು... ಮಣಿಕಟ್ಟು ಸುತ್ತಿದ ಅವಳ ಹೆಬ್ಬೆರಳು ನಡುಬೆರಳನ್ನು ದಾಟಿ ಹೋಗುತ್ತಿತ್ತು. ಆ ಮಣಿಕಟ್ಟಿನಲ್ಲಿ ಎಲುಬಲ್ಲದೆ ಬೇರೇನೂ ಉಳಿದಿರಲಿಲ್ಲ.

ತಾಟಿನಲ್ಲಿ ಇದ್ದದ್ದು ಅರ್ಧ ರೊಟ್ಟಿ.

"ಎಷ್ಟು ದಿವಸಾತು ಹಿಂಗ?"

"ಏನೂ ಆಗಿಲ್ಲ ಬಿಡವಾ. ವಯಸ್ಸಾತು, ಹಸಿವಿಲ್ಲ."

"ಅವ್ರೂ ಹಿಂಗ ಅಂತಿದ್ರು" ಎಂದಳು ಮಹಾನಂದಾ. ಹಿಡಿದ ಕೈಯನ್ನು ಬಿಡಲಿಲ್ಲ. "ನಾಳೆ ಮುಂಜಾನೆ ದವಾಖಾನಿಗೆ ಹೋಗೂಣು. ಈಗ ನನಗೂ ಒಂದು ತಾಟು ತಗೋತೀನಿ, ಜೋಡಿ ಉಣ್ಣೂಣು."

ನಮ್ಮವರು "ಏನೂ ಆಗಿಲ್ಲ" ಎನ್ನುವುದು ನಮ್ಮ ಮೇಲಿನ ಪ್ರೀತಿಗೆ... ಅದನ್ನು ಅಲ್ಲಿಗೇ ನಂಬಿ ಬಿಡದಿರುವುದು ಅವರ ಮೇಲಿನ ನಮ್ಮ ಪ್ರೀತಿ.

ನಿಮ್ಮ ಮನೆಯವರ ಕೈಯನ್ನು ನೀವು ಹಿಡಿದು ನೋಡಿ ಎಷ್ಟು ದಿನವಾಯಿತು?