ಇನ್ಸ್‌ಬ್ರುಕ್ ಮತ್ತು ಅಪ್ಪಯ್ಯಣ್ಣ

ಗೇಟು ಬಡಿದ ಸದ್ದು ಕೇಳಿದ್ದೇ ವೇಣುಗೋಪಾಲ್ ಓಡಿಹೋಗಿ ಮಗ್ಗಗಳ ಸ್ವಿಚ್ ಒತ್ತಿದ. ಅಷ್ಟೂ ಪವರ್‌ಲೂಮುಗಳು ಒಟ್ಟಿಗೆ ಅಬ್ಬರಿಸಿದವು. ಒಂದರಲ್ಲೂ ನೂಲಿರಲಿಲ್ಲ. ನೇಯುವವರಿಗೆ ರಜೆ ಕೊಟ್ಟು ಕಳಿಸಿಯಾಗಿತ್ತು. ಅವನಿಗೆ ಬೇಕಾಗಿದ್ದದ್ದು ಸದ್ದು ಮಾತ್ರ.

ಹೆಂಡತಿ ಬನಶಂಕರಿ ಕಿಟಕಿಯ ಪರದೆ ಸರಿಸಿ ಇಣುಕಿದಳು.

"ಅವ್ರೇ. ಗುರು ಭಾವ," ಎಂದು ಗಂಡನ ಕಿವಿಯಲ್ಲಿ ಕಿರುಚಿದಳು.

"ಬಾಯಿ ಆಡಿಸ್ತವ್ನಾ?"

"ಆಡಿಸ್ತವ್ರೆ. ಏನೂ ಕೇಳಿಸ್ತಿಲ್ಲ."

"ಹಂಗಾದ್ರೆ ಸರಿ," ಎಂದು ವೇಣು ಉಸಿರು ಬಿಟ್ಟ.

ವಿಷಯ ಇಷ್ಟೇ. ಗುರುವಿನ ತಂದೆ, ಅಂದರೆ ವೇಣುವಿನ ದೊಡ್ಡಪ್ಪ ಅಪ್ಪಯ್ಯಣ್ಣ, ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು. ಇವತ್ತೋ ನಾಳೆಯೋ ಎಂದು ಡಾಕ್ಟರು ಕೈಚೆಲ್ಲಿದ್ದರು. ದಾಯಾದಿ ಸತ್ತರೆ ಸೂತಕ. ಅದು ಕಳೆಯುವವರೆಗೆ ಮಗ್ಗ ಆಡಿಸುವಂತಿಲ್ಲ, ಊರು ಬಿಡುವಂತಿಲ್ಲ. ಆದರೆ ಸೂತಕ ಹಿಡಿಯುವುದು ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಎಂಬುದು ಮನೆತನದ ಹಿರಿಯರೂ ಒಪ್ಪಿದ ಮಾತು. ದೂರದಲ್ಲಿದ್ದವರಿಗೆ ತಡವಾಗಿ ತಿಳಿದರೆ ಒಂದು ತಲೆಸ್ನಾನ ಸಾಕು. ಈ ಸಣ್ಣ ಕಿಂಡಿಯಲ್ಲಿ ಗಂಡಹೆಂಡಿರು ದೊಡ್ಡಬಳ್ಳಾಪುರದಿಂದ ಆಸ್ಟ್ರಿಯಾ ದೇಶಕ್ಕೆ ತೂರಿಹೋಗಲು ಹೊರಟಿದ್ದರು.

ಇನ್ಸ್‌ಬ್ರುಕ್ ಎಂಬ ಊರು. ಸುತ್ತಲೂ ಆಲ್ಪ್ಸ್ ಬೆಟ್ಟ, ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಹಿಮ. ಬನಶಂಕರಿ ವರ್ಷವಿಡೀ ಮೊಬೈಲಿನಲ್ಲಿ ನೋಡಿ ನೋಡಿ ಎಲ್ಲವನ್ನೂ ಗೊತ್ತುಮಾಡಿದ್ದಳು. ಸಾರು ಕಾಯಿಸಿಕೊಳ್ಳಲು ಒಲೆಯಿರುವ ರೂಮು. ಹೊಸಬರಿಗೆ ಸ್ಕೀ ಹೇಳಿಕೊಡುವ ಶಾಲೆ. ಬಿದ್ದರೂ ಮೂಳೆ ಉಳಿಯಲಿ ಎಂದು ಚಿಕ್ಕ ಮಕ್ಕಳು ಜಾರುವಂಥ ಇಳಿಜಾರು. ಕಾಲಿಗೆ ಹಲಗೆ ಕಟ್ಟಿಕೊಂಡು, ಬಟ್ಟೆ ಒಣಹಾಕುವ ಕೋಲು ಹಿಡಿದು ನಡುಮನೆಯಲ್ಲಿ ಅಭ್ಯಾಸವನ್ನೂ ನಡೆಸಿದ್ದಳು. ಅದರಲ್ಲಿ ಷೋಕೇಸಿನ ಗಾಜು ಹೋಯಿತು, ವೇಣುವಿನ ಹೆಬ್ಬೆರಳು ಊದಿಕೊಂಡಿತು.

ನಗಬೇಡಿ. ಆಕೆಗೆ ಇದು ಹುಡುಗಾಟವಾಗಿರಲಿಲ್ಲ. ಮದುವೆಯಾದಾಗಿನಿಂದ ಆಕೆ ಹೊರಟ ಒಂದು ಪ್ರವಾಸವೂ ನಡೆದಿರಲಿಲ್ಲ. ಊಟಿಗೆ ಹೊರಟಾಗ ಒಬ್ಬ ಚಿಕ್ಕಪ್ಪ ಹೋದರು. ಕಾಶಿಗೆ ಹೊರಟಾಗ ಒಬ್ಬ ಅಜ್ಜಿ. ದೊಡ್ಡ ವಂಶ, ಬೀದಿ ತುಂಬ ದಾಯಾದಿಗಳು; ಇವರು ಪೆಟ್ಟಿಗೆ ಕಟ್ಟಿದರೆ ಸಾಕು, ಯಾರಾದರೊಬ್ಬರು ಮೊದಲೇ ಹೊರಟುಬಿಡುತ್ತಿದ್ದರು. ಪ್ರತಿಸಲವೂ ಸುದ್ದಿ ಹೊತ್ತು ಬಂದವನು ಗುರು. ಕಾಶಿಯ ಬಸ್ಸು ಹೊರಟೇಬಿಟ್ಟಿತ್ತು, ಅಡ್ಡ ನಿಂತು ಇಳಿಸಿಕೊಂಡಿದ್ದ. ಬನಶಂಕರಿ ಬಸ್ಸಿನ ಮೆಟ್ಟಿಲ ಮೇಲೆಯೇ ಕೂತು ಎಲ್ಲರೆದುರಿಗೆ ಅತ್ತಿದ್ದಳು. ಗುರು ಸುಮ್ಮನೆ ನೋಡುತ್ತ ನಿಂತಿದ್ದ. ಅವನಿಗೆ ತನ್ನ ಮೇಲೆ ಹೊಟ್ಟೆಕಿಚ್ಚು ಎಂದು ಆಕೆ ಅವತ್ತೇ ತೀರ್ಮಾನಿಸಿದ್ದಳು.

"ದೊಡ್ಡಪ್ಪ ನನ್ನ ಎತ್ತಾಡಿಸಿದ ಮನುಷ್ಯ ಕಣೇ," ಎಂದು ವೇಣು ಒಮ್ಮೆ ರಾಗ ಎಳೆದಿದ್ದ.

"ಬಂದ್ಮೇಲೆ ಅಳೋಣ ಬಿಡ್ರಿ, ಇಬ್ರೂ ಕೂತು ಅಳೋಣ. ಈ ಸಲಾನೂ ತಪ್ಪಿದ್ರೆ ನಾನಿನ್ನ ಎಲ್ಲಿಗೂ ಹೊರಡಲ್ಲ. ಆಸೇನೂ ಪಡಲ್ಲ."

ಆ ಮಾತಿಗೆ ವೇಣು ಹೆದರಿದ. ಹಾಗಾಗಿ ವಾರದಿಂದ ಮೊಬೈಲು ಆಫ್, ಟೀವಿ ಆಫ್, ಗೇಟಿಗೆ ಬೀಗ. ಸೊಪ್ಪಿನವಳನ್ನೂ ಮಾತಾಡಿಸಲಿಲ್ಲ. ಗುರು ದಿನವೂ ಬಂದ, ದಿನವೂ ಮಗ್ಗ ಅಬ್ಬರಿಸಿತು. ಮೊದಲ ದಿನ ಬಿಟ್ಟರೆ ಕಿಟಕಿಯ ಪರದೆ ಸರಿಸುವ ಧೈರ್ಯವನ್ನೂ ಇಬ್ಬರೂ ಮಾಡಲಿಲ್ಲ. ಒಂದಷ್ಟು ಹೊತ್ತು ಗೇಟಿನಾಚೆ ನಿಂತು ಅವನು ಹೊರಟುಹೋಗುತ್ತಿದ್ದ.

ಹೊರಡುವ ದಿನ ಮಧ್ಯಾಹ್ನ ಟ್ಯಾಕ್ಸಿ ಬಂತು. ದೇವನಹಳ್ಳಿಯ ಏರ್‌ಪೋರ್ಟು ಹತ್ತಿರವೇ. ಅಲ್ಲಿಗೆ ಮುಟ್ಟಿದರೆ ಗೆದ್ದಂತೆ. ವೇಣು ಮಗ್ಗ ನಿಲ್ಲಿಸಿದ. ಬೀದಿ ಪೂರ್ತಿ ಮೌನವಾಗಿತ್ತು. ಅಕ್ಕಪಕ್ಕದ ಒಂದು ಮಗ್ಗವೂ ಆಡುತ್ತಿರಲಿಲ್ಲ. ಊಟದ ಹೊತ್ತಿರಬೇಕು ಎಂದುಕೊಂಡ. ಇಬ್ಬರೂ ಕಿವಿಗೆ ಹತ್ತಿ ತುರುಕಿಕೊಂಡು, ಪೆಟ್ಟಿಗೆ ಎಳೆದುಕೊಂಡು ಹೊರಬಂದರು.

ಟ್ಯಾಕ್ಸಿಯ ಮುಂದೆ ಗುರು ನಿಂತಿದ್ದ. ಆ ಬಿಸಿಲಲ್ಲೂ ಮಂಕಿ ಕ್ಯಾಪು. ಕಣ್ಣಷ್ಟೇ ಕಾಣುವಂತೆ ಎಳೆದುಕೊಂಡಿದ್ದ.

ಬನಶಂಕರಿ ಕಾರಿನೊಳಕ್ಕೆ ನುಗ್ಗಿ ಗಾಜು ಏರಿಸಿದಳು. ಗುರು ಹತ್ತಿರ ಬರಲಿಲ್ಲ. ಮಾರು ದೂರದಲ್ಲೇ ನಿಂತು ಕಿವಿ ತೋರಿಸಿ, ಹತ್ತಿ ತೆಗೆ ಎಂದು ಸನ್ನೆ ಮಾಡಿದ. ಅವನ ಕಣ್ಣು ನಗುತ್ತಿತ್ತು. ಸಾವಿನ ಸುದ್ದಿ ತಂದವನು ನಗುವುದಿಲ್ಲವಲ್ಲ ಎಂದು ವೇಣು ಅಳುಕುತ್ತಲೇ ಒಂದು ಕಿವಿಯ ಹತ್ತಿ ತೆಗೆದ.

"ಹೆದರಬೇಡ ಕಣೋ. ಅಪ್ಪಂಗೆ ಈಗ ಯಾವ ನೋವೂ ಇಲ್ಲ. ಆಸ್ಪತ್ರೆಯಿಂದ ಕರ್ಕೊಂಡ್ ಬಂದು ರಾಜಘಟ್ಟದ ತೋಟದಲ್ಲಿ ಮಲಗಿಸಿದೀವಿ. ನೆಮ್ಮದಿಯಾಗವ್ರೆ. ಇದನ್ನ ಹೇಳಣ ಅಂತ ದಿನಾ ಬಂದ್ರೆ ಮಗ್ಗ ಹಾಕ್ಕೊಂಡ್ ಕೂತ್ಕೋತೀಯಲ್ಲೋ!"

"ಅಯ್ಯೋ ಗುರಣ್ಣ! ಒಳಗೆ ಬಾ, ಒಂದ್ ಲೋಟ ಕಾಫಿ ಕುಡಿ."

"ಬೇಡಪ್ಪ, ನೆಗಡಿ. ನಿಮಗೂ ಅಂಟ್ಕೊಂಡೀತು. ನೀವು ಹೊರಡಿ, ಹೊತ್ತಾಯ್ತದೆ. ಅವಳನ್ನ ಜೋಪಾನವಾಗಿ ಜಾರಿಸ್ಕೊಂಡ್ ಬಾ."

ವೇಣು ಗಾಜಿಗೆ ಬಾಯಿಟ್ಟು ಹೆಂಡತಿಗೆ ಎಲ್ಲವನ್ನೂ ಹೇಳಿದ. ಬನಶಂಕರಿಯ ಕಣ್ಣು ತುಂಬಿ ಬಂತು. ಬದುಕಿರುವ ಮನುಷ್ಯನ ಸಾವನ್ನು ವಾರವಿಡೀ ಎಣಿಸುತ್ತ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಇಷ್ಟು ವರ್ಷ ಈ ಮನುಷ್ಯನನ್ನು ಬೈದುಕೊಂಡಿದ್ದು ನೆನಪಾಗಿ ಇನ್ನಷ್ಟು ಸಂಕಟವಾಯಿತು. ಹತ್ತಿ ಕಿತ್ತೆಸೆದು ಕಾರಿನಿಂದ ಇಳಿದಳು. ಸೆರಗು ಹೊದ್ದು ನೇರ ಗುರುವಿನ ಕಾಲಿಗೆ ಬಗ್ಗಿದಳು.

"ದೂರ ಹೊರಟಿದೀವಿ ಭಾವ. ಆಶೀರ್ವಾದ ಮಾಡಿ."

"ಅಯ್ಯೋ, ಬೇಡಮ್ಮ! ಮುಟ್ಬೇಡ!"

ಗುರು ಹಾವು ತುಳಿದವನಂತೆ ಹಿಂದಕ್ಕೆ ನೆಗೆದ. ಕಾಂಪೌಂಡಿನಿಂದ ಬೀದಿಗೆ ಚಾಚಿದ್ದ ಕಾಗದದ ಹೂವಿನ ಮುಳ್ಳಿಗೆ ಮಂಕಿ ಕ್ಯಾಪು ಸಿಕ್ಕಿಕೊಂಡು, ಅಲ್ಲೇ ಉಳಿಯಿತು.

ತಲೆಯಲ್ಲಿ ಕೂದಲಿರಲಿಲ್ಲ, ಮುಖದಲ್ಲಿ ಮೀಸೆಯಿರಲಿಲ್ಲ. ಬೋಳಿಸಿ ಆಗಲೇ ನಾಲ್ಕೈದು ದಿನವಾಗಿತ್ತು.