ಅಂಟಿಸಿದ ರೆಪ್ಪೆಗೂದಲು

“ನಾಳೆ ಎಂಟಕ್ಕೆ ಆಪರೇಷನ್. ನೀವಿನ್ನೂ ವರದಿಗೆ ಸಹಿ ಹಾಕಿಲ್ಲ,” ಎಂದರು ಸರ್ಜನ್ ಫೋನಿನಲ್ಲಿ.

“ಹಾಕಲ್ಲ,” ಎಂದರು ಲ್ಯಾಬಿನ ಡಾಕ್ಟರಮ್ಮ. “ಗಂಟು ಇರೋದು ಎಡಗಿವಿ ಮುಂದಿನ ಲಾಲಾರಸದ ಗ್ರಂಥಿಯಲ್ಲಿ. ಕ್ಯಾನ್ಸರ್ ಅನ್ನೋದೂ ನಿಜ. ಆದರೆ ಜೀವಕೋಶಗಳ ತುಂಬ ಕೊಬ್ಬಿನ ಗುಳ್ಳೆಗಳಿವೆ. ಇದು ಅಲ್ಲೇ ಹುಟ್ಟಿದ್ದು ಅನ್ನಿಸ್ತಿಲ್ಲ. ಕಣ್ಣಿನ ರೆಪ್ಪೆಯಿಂದ ಹರಡಿರಬಹುದು.”

“ಕಣ್ಣು ನಾನೇ ನೋಡಿದ್ದೀನಿ ಮೇಡಂ. ಗೊಂಬೆ ಕಣ್ಣಿದ್ದ ಹಾಗಿದೆ. ನೀವು ಹೇಳೋ ಥರದ್ದು ನಾನು ಒಂದೂ ಕಂಡಿಲ್ಲ.”

“ನಾನು ಕಂಡಿದ್ದು ಎರಡು. ಎರಡರಲ್ಲೂ ಗ್ರಂಥಿ ತೆಗೆದು ಮೂಲವನ್ನ ಹಾಗೇ ಬಿಟ್ಟಿದ್ರು. ಅರ್ಧ ಗಂಟೆ ಕೊಡಿ.”

ಮೈಕ್ರೋಸ್ಕೋಪ್ ಬಿಟ್ಟು ವಾರ್ಡಿಗೆ ಹೋಗುವುದು ಅವರ ಕೆಲಸವಲ್ಲ. ಆದರೂ ಹೋದರು. ಏಳನೇ ಹಾಸಿಗೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಐವತ್ತರ ಹೆಂಗಸು ಕಾಲು ಮಡಚಿ ಕೂತು, ತಂಗಿಯ ಉಗುರಿಗೆ ಬಣ್ಣ ಹಚ್ಚುತ್ತಿದ್ದರು.

“ರೆಪ್ಪೆ ಮೇಲೆ ಕುರು ಏನಾದ್ರೂ ಆಗಿತ್ತಾ?”

“ಎರಡು ವರ್ಷದಲ್ಲಿ ಮೂರು ಸಲ. ಪ್ರತಿ ಸಲವೂ ಕಣ್ಣಿನ ಡಾಕ್ಟ್ರು ಕೀಸಿ ತೆಗೆದ್ರು. ಕೆನ್ನೆ ಗಂಟಿಗೂ ಅದಕ್ಕೂ ಏನು ಸಂಬಂಧ ಅಂದ್ಕೊಂಡು ನಾನೇ ಇಲ್ಲಿ ಹೇಳಲಿಲ್ಲ.”

“ಕೀಸಿದ್ದನ್ನ ಪರೀಕ್ಷೆಗೆ ಕಳಿಸಿದ್ರಾ?”

“ಹತ್ತಿಯಲ್ಲಿ ಒರೆಸಿ ಬಿಸಾಕಿದ್ರು.”

“ಸರಿ, ಮುಖ ತೊಳ್ಕೊಂಡು ಬನ್ನಿ.”

ಹೆಂಗಸು ಕದಲಲಿಲ್ಲ. ತಂಗಿ ನಕ್ಕಳು. “ಆ ರೆಪ್ಪೆಗೂದಲು ಅಂಗಡೀದು ಡಾಕ್ಟ್ರೇ. ತೆಗೆದ್ರೆ ನನಗೇ ಗುರುತು ಸಿಗಲ್ಲ.”

“ನೀನು ಸುಮ್ನಿರೇ,” ಎಂದು ಗದರಿ, ಅಕ್ಕ ಹತ್ತಿಯಲ್ಲಿ ಎಣ್ಣೆ ತೀಡಿ ಅಂಟು ಬಿಡಿಸಿದರು. ಎಡಗಣ್ಣಿನ ಮೇಲ್ರೆಪ್ಪೆಯ ಅಂಚಿನಲ್ಲಿ ಅಕ್ಕಿಕಾಳಿನುದ್ದಕ್ಕೆ ಒಂದು ಕೂದಲೂ ಇರಲಿಲ್ಲ. ಅಲ್ಲಿ ಚರ್ಮ ದಪ್ಪಗೆ, ಹಳದಿಯಾಗಿತ್ತು.

“ಅಂಟಿನಿಂದ ಉದುರಿದ್ದು ಅಂದ್ಕೊಂಡಿದ್ದೆ. ಮೂರು ಜನ ಡಾಕ್ಟ್ರು ನೋಡಿದ್ರು, ಯಾರಿಗೂ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದೆ.”

“ನಾಳೆ ಆಪರೇಷನ್ ಬೇಡ. ಮೊದಲು ಇಲ್ಲಿಂದ ಒಂದು ಚೂರು ತೆಗೆದು ನೋಡ್ತೀವಿ. ನನ್ನ ಅನುಮಾನ ನಿಜ ಆದ್ರೆ ರೆಪ್ಪೆಗೂ ಗ್ರಂಥಿಗೂ ಒಟ್ಟಿಗೇ ಚಿಕಿತ್ಸೆ.”

“ಕಣ್ಣು?”

“ಉಳಿಸೋಕೆ ನೋಡ್ತಾರೆ. ಈಗಲೇ ಮಾತು ಕೊಡೋಕಾಗಲ್ಲ.”

ಹೆಂಗಸು ಫೋನ್ ಎತ್ತಿಕೊಂಡು ಪಾರ್ಲರಿನ ಹಳೇ ಗಿರಾಕಿಯೊಬ್ಬರಿಗೆ ಕರೆ ಮಾಡಿದರು.

“ಈ ವಾರ ನಿಮಗೆ ರೆಪ್ಪೆ ಅಂಟಿಸಲ್ಲ ಕಣ್ರೀ. ನಿಮಗೂ ಒಂದು ಕಡೆ ಕೂದಲು ಉದುರಿ, ಪದೇ ಪದೇ ಕುರು ಏಳ್ತಿದೆಯಲ್ಲ. ಬರಿಗಣ್ಣಲ್ಲೇ ಡಾಕ್ಟ್ರ ಹತ್ತಿರ ಹೋಗಿ. ಇಲ್ಲ, ಮದುವೆ ಮುಗಿದ ಮೇಲಲ್ಲ. ನಾಳೆ.”