ಪುಸ್ತಕದೊಳಗಿನ ಫಿನ್ಲೇ

"ನಾನೆಲ್ಲಿದ್ದೀನಿ ಇದರಲ್ಲಿ? ತೋರಿಸು ನೋಡೋಣ!"

ಚಿಕ್ಕ ಫಿನ್ಲೇ ಪುಸ್ತಕವನ್ನು ಕುಕ್ಕಿದ ರಭಸಕ್ಕೆ ಮರ್ಡೀನಾಳ ಮೇಜಿನ ಮೇಲಿದ್ದ ಚಹಾದ ಬಟ್ಟಲು ಕುಣಿಯಿತು. ಚಿಕ್ಕ ಫಿನ್ಲೇ ಅನ್ನುವುದು ಹೆಸರಿಗೆ ಮಾತ್ರ, ವಯಸ್ಸು ಎಂಬತ್ತರ ಹತ್ತಿರ. ಮರ್ಡೀನಾ ಅವನಿಗಿಂತ ಒಂದೆರಡು ವರ್ಷ ದೊಡ್ಡವಳು. ನಮ್ಮ ದ್ವೀಪದ ಈ ಮೂಲೆಯಲ್ಲಿ ಯಾವ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಕೆನಡಾದ ಹಡಗು ಹತ್ತಿದರು, ಯಾರು ಯಾರನ್ನು ಕಟ್ಟಿಕೊಂಡರು ಎಂದು ಮನೆಮನೆ ತಿರುಗಿ, ಕೇಳಿ ಕೇಳಿ ಪುಸ್ತಕ ಬರೆದವಳು ಅವಳೇ. ಅಚ್ಚಾದ ಇನ್ನೂರು ಪ್ರತಿಗಳು ಅಂದು ಬೆಳಗಿನ ಹಡಗಿನಲ್ಲಿ ಬಂದು ಅವಳ ಅಡುಗೆಮನೆಯಲ್ಲಿ ಕೂತಿದ್ದವು. ನಾಳೆ ಊರಿಗೆಲ್ಲ ಹಂಚಬೇಕು. ಪೆಟ್ಟಿಗೆ ಹೊತ್ತು ತಂದ ಫಿನ್ಲೇ ತಡೆಯಲಾರದೆ ಒಂದು ಪ್ರತಿಯನ್ನು ಆಗಲೇ ಮನೆಗೆ ಒಯ್ದಿದ್ದ.

"ನಿಮ್ಮನೆ ಪುಟ ತೆಗೆದು ನೋಡೋ ಮುದುಕಾ. ಇಲ್ದೇ ಎಲ್ಲಿಗೆ ಹೋಗ್ತೀಯ?"

"ನೋಡಿಯೇ ಬಂದೆ. ಒಬ್ಬನೇ ಫಿನ್ಲೇ ಇದ್ದಾನೆ. ಹುಟ್ಟಿದ ತಾರೀಖು ಅಣ್ಣಂದು. ನಾನು ಹುಟ್ಟೇ ಇಲ್ಲ! ಮಕ್ಕಳಿಲ್ಲ ಮರಿಯಿಲ್ಲ, ನನ್ನ ಹೆಸರು ಉಳಿಯೋದು ಇದೊಂದರಲ್ಲೇ ಅಂತ ಕಾದು ಕೂತಿದ್ದೆ. ಉಸಿರಾಡ್ತಾ ಇರೋವಾಗಲೇ ಅಳಿಸಿ ಹಾಕಿದ್ಯಲ್ಲ ಮಾರಾಯ್ತಿ!"

ಮರ್ಡೀನಾ ಕನ್ನಡಕ ಏರಿಸಿ ಓದಿದಳು. ಅವಳ ಮುಖ ಬಿಳಚಿಕೊಂಡಿತು. ನಮ್ಮಲ್ಲಿ ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಆ ಮನೆಯಲ್ಲಿ ಎರಡೂ ಕಡೆಯ ಅಜ್ಜಂದಿರು ಫಿನ್ಲೇಗಳೇ. ಯಾವ ಅಜ್ಜನನ್ನು ಬಿಡಲಾದೀತು? ಹೀಗಾಗಿ ಮಕ್ಕಳಿಬ್ಬರೂ ಫಿನ್ಲೇ, ಒಬ್ಬ ದೊಡ್ಡ, ಒಬ್ಬ ಚಿಕ್ಕ. ನಮಗಿದರಲ್ಲಿ ವಿಚಿತ್ರವೇನೂ ಇಲ್ಲ. ಗ್ಲಾಸ್ಗೋದ ಅಚ್ಚುಮನೆಯಲ್ಲಿ ಕೂತ ಯಾವನೋ ಪುಣ್ಯಾತ್ಮ ಮಾತ್ರ, ಮುದುಕಿ ಮರೆತು ಒಬ್ಬನನ್ನೇ ಎರಡು ಸಲ ಬರೆದಿದ್ದಾಳೆ ಎಂದುಕೊಂಡು ಇಬ್ಬರನ್ನೂ ಹೊಲಿದು ಒಬ್ಬನನ್ನಾಗಿ ಮಾಡಿಬಿಟ್ಟಿದ್ದ. ಕರಡು ತಿದ್ದಲು ಬಂದಾಗ ಮರ್ಡೀನಾಳ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು.

"ಅಯ್ಯೋ, ನನ್ನ ಕಣ್ಣು ಹಾಳಾಗ! ಇರು, ತಿದ್ದಿದ ಚೀಟಿ ಅಂಟಿಸ್ತೀನಿ. ಇನ್ನೂರಕ್ಕೂ ಅಂಟಿಸ್ತೀನಿ. ಹೇಳು, ಏನಂತ ಬರೀಲಿ?"

"ಬರಿ. ದೊಡ್ಡ ಫಿನ್ಲೇ, ಇಪ್ಪತ್ತೆರಡನೇ ವಯಸ್ಸಿಗೆ..." ಎಂದವನು ಅಲ್ಲಿಗೇ ನಿಂತ.

ದೊಡ್ಡ ಫಿನ್ಲೇ ಹೋದ ದೋಣಿ ಮರಳಲಿಲ್ಲ. ಹಲಗೆ ಸಿಗಲಿಲ್ಲ, ಹೆಣ ಸಿಗಲಿಲ್ಲ, ಹೂಳಲು ಏನೂ ಇಲ್ಲದ ಮೇಲೆ ಸಮಾಧಿಯ ಕಲ್ಲು ಯಾರಿಗೆ ನೆಡುವುದು? ಆ ಚಳಿಗಾಲದಲ್ಲಿ ಅವನಿಗೂ ಮರ್ಡೀನಾಳಿಗೂ ಮದುವೆ ನಿಶ್ಚಯವಾಗಿತ್ತು. ಆಮೇಲೆ ಅವಳು ಯಾರಿಗೂ ಹ್ಞೂಂ ಅನ್ನಲಿಲ್ಲ. ಊರಿಗೆಲ್ಲ ತಿಳಿದಿದ್ದ ಈ ಸಂಗತಿಯನ್ನು ಇವರಿಬ್ಬರು ಮಾತ್ರ ಈವರೆಗೆ ಬಾಯಿಬಿಟ್ಟು ಆಡಿದವರಲ್ಲ.

ಹೊರಗೆ ಸಮುದ್ರದಿಂದ ಮಂಜು ಏರಿ ಬರುತ್ತಿತ್ತು. ಮೊದಲು ದಡ ಹೋಯಿತು, ಬೇಲಿಯ ಗೂಟಗಳು ಹೋದವು, ಒಲೆಗೆಂದು ಜೌಗಿನಿಂದ ಕಡಿದು ಒಣಗಿಸಿ ಪೇರಿಸಿಟ್ಟ ಪೀಟ್ ಮಣ್ಣಿನ ಹೆಂಟೆಗಳ ರಾಶಿಯೂ ಕರಗಿಹೋಯಿತು. ಲೋಕದಲ್ಲಿ ಆ ಅಡುಗೆಮನೆಯೊಂದೇ ಉಳಿದ ಹಾಗಿತ್ತು. ಫಿನ್ಲೇ ಪುಸ್ತಕವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ಈ ಸಲ ಬೆರಳಿಟ್ಟು ನಿಧಾನವಾಗಿ ಓದಿದ.

"ಕೇಳಿಲ್ಲಿ. 'ಫಿನ್ಲೇ. ಹುಡುಗನಾಗಿದ್ದಾಗಲೇ ಮೀನಿನ ದೋಣಿ ಸೇರಿದ. ಮನೆಯಲ್ಲಿ ಉಣ್ಣೆಬಟ್ಟೆಯ ಮಗ್ಗ ಹೂಡಿದ. ಚರ್ಚಿನಲ್ಲಿ ಕೀರ್ತನೆಯ ಸಾಲು ಎತ್ತಿಕೊಡುತ್ತಾನೆ.' ಮರ್ಡೀನಾ, ಇದರಲ್ಲಿ ಅಣ್ಣ ಮುಳುಗೇ ಇಲ್ಲ."

"ಮಗ್ಗ ನಿಂದು ಕಣೋ. ಕೀರ್ತನೆನೂ ನಿಂದೇ."

"ದೋಣಿ ಅವನದು, ಮಗ್ಗ ನಂದು. ಆದ್ರೆ ಮಧ್ಯೆ ಸಾವಿಲ್ಲ ನೋಡು, ಆ ಸಾಲನ್ನ ಅಚ್ಚಿನವನು ಬಿಟ್ಟುಬಿಟ್ಟಿದ್ದಾನೆ. ದೋಣಿ ಇಳಿದು ನೆಟ್ಟಗೆ ಮನೆಗೆ ಬಂದು ಮಗ್ಗದ ಮುಂದೆ ಕೂತಿದ್ದಾನೆ."

ಫಿನ್ಲೇ ಕಣ್ಣು ಮುಚ್ಚಿದ. ಬಾಗಿಲಲ್ಲಿ ಒದ್ದೆ ಬೂಟುಗಳು. ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ ಎಂದು ಅಮ್ಮ ಗದರಲಿಲ್ಲ, ಸಾರು ಬಿಸಿಗಿಟ್ಟಳು. ಮಗ್ಗದ ಮೆಟ್ಟುಗೋಲಿನ ಮೇಲೆ ಅಣ್ಣನ ಉದ್ದ ಕಾಲುಗಳು ಮೇಲೆ ಕೆಳಗೆ ಆಡುತ್ತಿದ್ದವು. ನೋಡನೋಡುತ್ತ ಅವನ ಕೆಂಚುಗೂದಲು ನೆರೆಯಿತು, ಬೆನ್ನು ಬಾಗಿತು, ಭಾನುವಾರ ಚರ್ಚಿನಲ್ಲಿ ಎದ್ದು ನಿಂತಾಗ ಕೆಮ್ಮು ಬಂತು. ಮುದುಕನಾದ ಅಣ್ಣನನ್ನು ಅವನು ನೋಡಿದ್ದು ಅದೇ ಮೊದಲು.

ಕಣ್ಣು ತೆರೆದಾಗ ಮರ್ಡೀನಾ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಚೀಟಿ ಬೇಡ," ಎಂದ ಫಿನ್ಲೇ. "ಅಂಟಿಸಿದ್ರೆ ನಮ್ಮ ಕೈಯಾರೆ ಅವನನ್ನ ಇನ್ನೊಂದು ಸಲ ಮುಳುಗಿಸಿದ ಹಾಗೆ."

"ಮತ್ತೆ ನೀನು? ಈಗಷ್ಟೇ ಸೂರು ಹಾರೋ ಹಾಗೆ ಕೂಗಾಡಿದ್ಯಲ್ಲ?"

"ನಾನು ಎಂಬತ್ತು ವರ್ಷ ಬದುಕಿದ್ದೀನಿ, ಸಾಕು. ಪುಸ್ತಕದಲ್ಲಿ ಅವನು ಬದುಕಲಿ."

ಮರ್ಡೀನಾ ಪುಸ್ತಕ ತಿರುಗಿಸಿಕೊಂಡು, ಅವನು ಓದದೆ ಬಿಟ್ಟಿದ್ದ ಕೊನೆಯ ಸಾಲು ಓದಿದಳು. 'ಮದುವೆಯಾಗಲಿಲ್ಲ' ಎಂದಿತ್ತು. ಪೆನ್ನು ತೆಗೆದು ಅದನ್ನು ಕಪ್ಪಗೆ ಹೊಡೆದು ಹಾಕಿದಳು. ಪೆಟ್ಟಿಗೆಯಿಂದ ಇನ್ನೊಂದು ಪ್ರತಿ ಎಳೆದು ಅದರಲ್ಲೂ ಹೊಡೆದಳು. ಮೂರನೆಯದಕ್ಕೆ ಕೈ ಹಾಕಿದಳು.

"ಏನ್ ಮಾಡ್ತಿದೀಯ ಮಾರಾಯ್ತಿ?"

"ಇದು ಸುಳ್ಳು. ಅವನು ಬಂದಿದ್ರೆ ನಾನು ಬಿಡ್ತಿದ್ನಾ?"

ಫಿನ್ಲೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಪ್ರತಿಯಲ್ಲಿ ಪುಟ ತೆಗೆದು ಅವಳ ಮುಂದೆ ಸರಿಸತೊಡಗಿದ. ಹತ್ತಿಪ್ಪತ್ತು ಮುಗಿಯುವಷ್ಟರಲ್ಲಿ ಅವನಿಗೆ ದಿಗಿಲಾಯಿತು.

"ಅಲ್ಲ, ಊರವರ ಪಾಲಿಗೆ ಮಗ್ಗದ ಫಿನ್ಲೇ ಅಂದ್ರೆ ನಾನೇ. ಇದನ್ನ ನೋಡಿ, ಯಾರಯ್ಯಾ ಹೆಂಡ್ತಿ ಅಂತ ನಾಳೆ ಕೇಳಿದ್ರೆ ಏನು ಹೇಳ್ಲಿ?"

ಮರ್ಡೀನಾ ತಲೆಯೆತ್ತಲಿಲ್ಲ.

"ನಮ್ಮ ಅತ್ತಿಗೆಯನ್ನ ಕೇಳಿ ಅಂತ ಹೇಳಿ ಇಲ್ಲಿಗೆ ಕಳಿಸು."